ರಸ್ತೆ ಮೇಲಿನ ಹುರುಳಿ

ಬಿಸಿ ಡಾಂಬರಿನ ವಾಸನೆ ನಿಮಗೆ ಹೇಗೋ ಗೊತ್ತಿಲ್ಲ. ನನಗೆ ಅದು ಮೂಗಿಗೆ ಬಡಿದರೆ ಹುರುಳಿ ನೆನಪಾಗುತ್ತದೆ. ಕೂಡ್ಲಿಗಿ–ಕೊಟ್ಟೂರು ರಸ್ತೆಯನ್ನು ಅಗಲ ಮಾಡಿ, ನಡುವೆ ಗಿಡ ನೆಟ್ಟು, ನಮ್ಮೂರ ಮುಂದೆ ದೊಡ್ಡ ಪಟ್ಟಣದ ಹಾಗೆ ದೀಪದ ಕಂಬ ನಿಲ್ಲಿಸುತ್ತಿದ್ದಾರೆ. ಬೆಳಗಾದರೆ ಅದೇ ವಾಸನೆ. ಹೋದ ವಾರದವರೆಗೂ ಅದರ ಜೊತೆ ನನ್ನೆದೆಯಲ್ಲಿ ಮುಳ್ಳೊಂದು ಆಡುತ್ತಿತ್ತು.

ಮೊದಲೇ ಹೇಳಿಬಿಡುತ್ತೇನೆ, ಕೀಟಲೆಯಲ್ಲಿ ನನ್ನನ್ನು ಮೀರಿಸುವವರು ಹಡಗಲಿಯಿಂದ ಹರಪನಹಳ್ಳಿವರೆಗೆ ಹುಟ್ಟಿರಲಿಲ್ಲ. ಬೀಗರು ಮಲಗಿದ್ದ ಬಂಡಿಯ ಎತ್ತು ತಿರುಗಿಸಿ, ಅವರನ್ನು ಅವರ ಊರಿಗೇ ವಾಪಸ್ ಕಳಿಸಿದವನು ನಾನು. ಇರಲಿ, ಅದು ಬೇರೆ ಕಥೆ.

ನಾವು ಹರೆಯದಲ್ಲಿದ್ದಾಗ, ಸುಗ್ಗಿಯಲ್ಲಿ ಈ ರಸ್ತೆಯೇ ನಮ್ಮ ಕಣ. ಹುರುಳಿ ಬಳ್ಳಿ ಹಾಸಿದರೆ ಬಸ್ಸು, ಲಾರಿಗಳು ಪುಕ್ಕಟೆ ತುಳಿದುಕೊಡುತ್ತಿದ್ದವು. ಯಾರ ಪಾಲು ಎಲ್ಲಿವರೆಗೆ ಎನ್ನಲು ಅಂಚಿಗೊಂದು ಕಲ್ಲು. ಒಂದು ಮಧ್ಯಾಹ್ನ ಗೆಳೆಯ ಕೋಟ್ರಪ್ಪ ಹುಣಸೆ ಮರದಡಿ ಗೊರಕೆ ಹೊಡೆಯುತ್ತಿದ್ದ. ಪಕ್ಕದ ಪಾಲಿನ ನಿಂಗವ್ವ ಊಟಕ್ಕೆ ಹೋಗಿದ್ದಳು. ನಡುವಿನ ಕಲ್ಲನ್ನು ಹತ್ತು ಮಾರು ಅವಳ ಕಡೆ ಸರಿಸಿದೆ. ಎದ್ದವನು ಕಲ್ಲು ನೋಡಿಕೊಂಡು, ಅವಳ ಕಾಳನ್ನೂ ಗುಡಿಸಿ ಚೀಲಕ್ಕೆ ತುಂಬಿದ. ಅಷ್ಟರಲ್ಲಿ ಅವಳು ಬಂದಳು.

“ಏ ಕಳ್ಳ! ಹೆಣ್ಮಗಳ ಹುರುಳಿಗೆ ಕೈ ಹಾಕ್ತೀಯೇನಲೇ?”

ಬಸ್ಸು ನಿಂತಿತು, ಜನ ಇಳಿದು ನೋಡಿದರು. ಮರದ ಹಿಂದೆ ನಗುತ್ತಿದ್ದ ನಾನು ಹೊರಗೆ ಬರಬೇಕು ಎನ್ನುವಷ್ಟರಲ್ಲಿ ನೋಡಿದರೆ, ಕೋಟ್ರಪ್ಪ ಅಳುತ್ತಿದ್ದ. ನಾನು ಅಲ್ಲೇ ಅಡಗಿ ಕೂತೆ. ಕಾಳು ಅವಳಿಗೆ ವಾಪಸ್ ಹೋಯಿತು. ‘ಹುರುಳಿ ಕಳ್ಳ’ ಎಂಬ ಹೆಸರು ಅವನಿಗೆ ಉಳಿಯಿತು.

ಹೋದ ವಾರ ನಾನು ಚಹಾದಂಗಡಿಯಲ್ಲಿ ಕೂತಿದ್ದಾಗ ಒಂದು ಕಾರು ಬಂತು. ಕೋಟ್ರಪ್ಪನ ಮೊಮ್ಮಗಳನ್ನು ನೋಡಲು ಬಂದವರು ಮನೆ ಎಲ್ಲಿ ಎಂದು ಕೇಳಿದರು. ಚಹಾದಂಗಡಿಯವನು ಸಲೀಸಾಗಿ, “ಹುರುಳಿ ಕಳ್ಳನ ಮನಿ ಏನ್ರಿ? ಸೀದಾ ಹೋಗ್ರಿ” ಎಂದ. ಕಾರು ಹೋಗಲಿಲ್ಲ. ಒಳಗೆ ಗುಸುಗುಸು. ಎದುರುಗೊಳ್ಳಲು ಬಂದಿದ್ದ ಕೋಟ್ರಪ್ಪ ರಸ್ತೆಯಾಚೆಯೇ ತಲೆತಗ್ಗಿಸಿ ನಿಂತುಬಿಟ್ಟ.

ಈಗ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಕರಿಯುವ ನಿಂಗವ್ವನ ಬಳಿಗೆ ಓಡಿ, ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ.

“ಇದನ್ನ ಹೇಳಾಕ ರಸ್ತಿ ಅಗಲ ಆಗಬೇಕಿತ್ತೇನೋ ಮುದುಕಾ?” ಎಂದವಳು ಸೌಟು ಹಿಡಿದೇ ರಸ್ತೆ ನಡುವೆ ನಿಂತು, ಕಾರಿನವರಿಗೂ ಕೇಳುವಂತೆ ಕೂಗಿದಳು: “ಕೋಟ್ರಪ್ಪಣ್ಣಾ! ಕಳ್ಳ ನೀನಲ್ಲ, ಈ ಮಂಗ್ಯಾ! ಅವತ್ತ ಕಲ್ಲು ಸರಿಸ್ಯಾನ!”

ಕೋಟ್ರಪ್ಪ ರಸ್ತೆ ದಾಟಿ ಬಂದ. ಹೊಡೆಯುತ್ತಾನೆಂದು ಕಣ್ಣು ಮುಚ್ಚಿದೆ.

“ನಿದ್ದಿಗಣ್ಣಾಗ ನಾನ ಕಲ್ಲು ತಪ್ಪಿ ನೋಡೀನಿ ಅಂತ ಇಷ್ಟು ವರ್ಷ ನನ್ನ ನಾನ ಬೈಕೊಂಡ್ನಲ್ಲಲೇ!” ಎಂದು ನನ್ನ ಹೆಗಲ ಟವೆಲ್ಲಿನಲ್ಲೇ ಕಣ್ಣೊರೆಸಿಕೊಂಡ. “ಬಾ, ಬಂದೋರಿಗೆ ನೀನ ಹೇಳು.”

ಹೇಳಿದೆ. ಹುಡುಗನ ತಾಯಿ ನಕ್ಕುಬಿಟ್ಟಳು. ಕಾರು ಕೋಟ್ರಪ್ಪನ ಮನೆಗೆ ಹೋಯಿತು, ಸಂಬಂಧವೂ ಕುದುರಿತು.

ಇವತ್ತೂ ಡಾಂಬರು ಸುರಿಯುತ್ತಿದ್ದಾರೆ. ಚಹಾದಂಗಡಿಯವನು ನನ್ನನ್ನು ಕಂಡು ದೂರದಿಂದಲೇ, “ಬರ್ರಿ, ಹುರುಳಿ ಕಳ್ಳ!” ಎಂದು ಕೂಗಿದ. ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡು, ಬಸ್‌ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ “ಓ” ಎಂದೆ.