ಬಿಗಿ ಹಿಡಿದವರು ಬೀಳುವ ಆಟ

ಬೆಳಗಿನ ಐದೂವರೆ. ಕೊಪ್ಪದ ಪಕ್ಕದ ಬಾಳಗಡಿಯಲ್ಲಿ ಹಾಲಿನ ಕ್ಯಾನುಗಳದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೊಬೈಲ್ ರಿಪೇರಿ ಅಂಗಡಿಯೊಂದರ ಶಟರ್ ಅರ್ಧಕ್ಕೆ ಎದ್ದಿದೆ. ಒಳಗೆ ಎರಡು ಬೊಂಬೆಗಳನ್ನು ಹೊಡೆದಾಡಲು ಬಿಟ್ಟು ಚೇತನಾ ಗಲ್ಲಕ್ಕೆ ಕೈಕೊಟ್ಟು ಕುಳಿತಿದ್ದಾರೆ. ಕಂಪ್ಯೂಟರ್ ಪರದೆಯಲ್ಲಿ ಕೆಂಪು ಬೊಂಬೆ ನೀಲಿ ಬೊಂಬೆಗೆ ಒದೆಯಲು ಹೋಗಿ ತಾನೇ ಮಗುಚಿಕೊಳ್ಳುತ್ತದೆ.

“ಬಿತ್ತಾ?” ಮೂಲೆಯ ಸ್ಟೂಲಿನಿಂದ ಬೂತಪ್ಪ ಕೇಳುತ್ತಾರೆ.

“ಬಿತ್ತು ಬೂತಪ್ಪಣ್ಣ.”

“ಬೀಳ್ಲಿ ಬಿಡು. ಬೀಳೋ ಹಾಗೇ ನಿಂತಿತ್ತು.”

ಚೇತನಾಗೆ ಇಪ್ಪತ್ತೊಂಬತ್ತು. ಒಂಬತ್ತೂವರೆಯಿಂದ ಸಂಜೆ ಏಳರವರೆಗೆ ಊರಿನವರ ಒಡೆದ ಡಿಸ್‌ಪ್ಲೇ, ನೀರು ಕುಡಿದ ಸ್ಪೀಕರ್, ಉಬ್ಬಿದ ಬ್ಯಾಟರಿ. ದಿನಕ್ಕೆ ಹನ್ನೆರಡು ಫೋನ್. ಬೆಳಗಿನ ಐದೂವರೆಯಿಂದ ಎರಡು ಗಂಟೆ ಮಾತ್ರ ಅವರದ್ದು. ಆ ಎರಡೆರಡು ಗಂಟೆಗಳನ್ನು ಮೂರು ವರ್ಷ ಕೂಡಿಸಿ ಅವರೊಬ್ಬರೇ ಕಟ್ಟಿದ ಮೊಬೈಲ್ ಆಟದ ಹೆಸರು ‘ಬಿಗಿ-ಸಡಿಲ’. ಬಂದು ಹದಿನಾಲ್ಕು ತಿಂಗಳಾಯಿತು. ಇಳಿಸಿಕೊಂಡವರು ಮುನ್ನೂರ ಹನ್ನೆರಡು ಮಂದಿ. ದಿನವೂ ಆಡುವವರು ಒಂಬತ್ತು, ಬೂತಪ್ಪನೂ ಸೇರಿ.

ಇದು ಕುಸ್ತಿಯ ಆಟ, ಆದರೆ ಗುದ್ದುವ ಬಟನ್ ಇಲ್ಲ. ಬೊಂಬೆಯ ಮೈಯಲ್ಲಿ ಹದಿನಾರು ಕೀಲುಗಳಿವೆ. ಯಾವುದು ಬಿಗಿ, ಯಾವುದು ಸಡಿಲ ಎಂದು ಆರಿಸಿ ‘ಆಯ್ತು’ ಒತ್ತಬೇಕು. ಎದುರಿನವರೂ ಒತ್ತಿದ ಮೇಲೆ ಒಂದೇ ಒಂದು ಸೆಕೆಂಡು ಕಾಲ ಚಲಿಸುತ್ತದೆ. ಆ ಸೆಕೆಂಡಿನಲ್ಲಿ ಆಗುವುದೆಲ್ಲ ಮೈಭಾರದ್ದು, ಬೀಸಿದ ಕೈಯ ವೇಗದ್ದು, ನೆಲದ ಸೆಳೆತದ್ದು. ಮತ್ತೆ ಎಲ್ಲ ನಿಲ್ಲುತ್ತದೆ, ಮತ್ತೆ ಯೋಚಿಸಬೇಕು. ಹನ್ನೆರಡು ಸರದಿಗಳೊಳಗೆ ಯಾರ ತಲೆ ನೆಲ ಮುಟ್ಟುತ್ತದೋ ಅವರು ಸೋತರು. ಚದುರಂಗದ ಕಾಯಿಗಳಿಗೆ ಮೂಳೆ, ಮಾಂಸ, ಮರ್ಯಾದೆ ಮೂರೂ ಬಂದರೆ ಹೀಗಿರಬಹುದು.

ಮೊದಮೊದಲು ಬೊಂಬೆಗಳು ನಿಲ್ಲುತ್ತಲೇ ಇರಲಿಲ್ಲ. ಬಲ ಸಾಲದೆಂದು ಚೇತನಾ ಕಾಲುಗಳನ್ನು ಇನ್ನಷ್ಟು ಗಟ್ಟಿ ಮಾಡಿದರು, ಇನ್ನಷ್ಟು ಬಿದ್ದವು. ಆ ಹೊತ್ತಿಗೆ ಫೋನ್ ರಿಪೇರಿಗೆಂದು ಬಂದವರು ಭಂಡಿಗಡಿಯ ಬೂತಪ್ಪ. ಮೂವತ್ತು ವರ್ಷ ಮರ ಹತ್ತಿ ಅಡಿಕೆ ಗೊನೆ ಕೊಯ್ದವರು. ಒಂದು ಮರದ ತುದಿಯಲ್ಲೇ ತೂಗಿ, ಪಕ್ಕದ ಮರ ಹಿಡಿದು ದಾಟಿ, ನೆಲಕ್ಕಿಳಿಯದೆ ಸಾಲು ಮುಗಿಸುತ್ತಿದ್ದ ಆಳು. ಪರದೆ ನೋಡಿ ಅವರು ಹೇಳಿದ್ದು ಇಷ್ಟು: “ಎಂತಕ್ಕೆ ಅವ್ನು ಹಂಗೆ ಮೈ ಬಿಗಿ ಮಾಡ್ಕೊಂಡಾನೆ? ಹೊಸಬ ಮರ ಹತ್ತಿದಂಗಿದೆ. ಕೈ ಗಟ್ಟಿ ಹಿಡೀಬೇಕು, ಸೊಂಟ ಬಿಟ್ಟುಬಿಡ್ಬೇಕು ಮಾರಾಯ್ತಿ. ಸೊಂಟಾನೂ ಹಿಡ್ಕೊಂಡ್ರೆ ಮರ ನಿನ್ನನ್ನ ಒಗೆಯತ್ತೆ.”

ಅಂದಿನಿಂದ ಸ್ಟೂಲು ಅವರದ್ದು. ಆಡಲು ಬರುವ ಕಾಲೇಜಿನ ಹುಡುಗರು ಈಗಲೂ ಹೆದರಿ ಹದಿನಾರು ಕೀಲನ್ನೂ ಬಿಗಿ ಮಾಡುತ್ತಾರೆ, ಕಂಬದಂತೆ ಬೀಳುತ್ತಾರೆ. ‘ತಳೆ’ ಎಂಬ ಹೆಸರಿನಲ್ಲಿ ಆಡುವ ಬೂತಪ್ಪ ಈವರೆಗೆ ಯಾರಿಗೂ ಸೋತಿಲ್ಲ. ತಳೆ ಎಂದರೆ ಮರ ಹತ್ತುವಾಗ ಕಾಲಿಗೆ ಹಾಕುವ ಬಳೆ. ಆರು ವರ್ಷದ ಹಿಂದೆ ಅದು ಜಾರಿ ಅವರ ಮಂಡಿ ಹೋಯಿತು. ಪರದೆಯ ಬೊಂಬೆಯನ್ನು ಅವರು ನೋಡುವ ನೋಟದಲ್ಲಿ ಪ್ರೀತಿಗಿಂತ ಹೊಟ್ಟೆಕಿಚ್ಚೇ ಹೆಚ್ಚು. “ಅದು ಬಿದ್ದ ಕೂಡ್ಲೆ ‘ಮತ್ತೆ ಆಡು’ ಅಂತ ಬರತ್ತೆ, ಎದ್ದು ನಿಲ್ಲತ್ತೆ. ನಂಗೆ ಹಂಗೆ ಯಾರೂ ಕೇಳ್ಲಿಲ್ಲ.”

ಚೇತನಾ ಅವರ ಹೊಟ್ಟೆಕಿಚ್ಚು ಬೇರೆ ಕಡೆಗೆ ಉರಿಯುತ್ತದೆ. ಅದಕ್ಕೆ ಹೆಸರಿದೆ: ಯಶವಂತ. ಕಾಲೇಜಿನಲ್ಲಿ ಒಂದೇ ಬೆಂಚಿನವನು, ಶೃಂಗೇರಿ ಹತ್ತಿರದ ನೆಮ್ಮಾರಿನವನು. ಅವನ ಆಟದಲ್ಲಿ ಮೇಲಿಂದ ಬೀಳುವ ಹಲಸಿನಹಣ್ಣುಗಳನ್ನು ಬೆರಳಿನಿಂದ ಗೀರಿ ಕತ್ತರಿಸಬೇಕು, ಅಷ್ಟೇ. ಇಳಿಸಿಕೊಂಡವರು ಆರು ಲಕ್ಷ. ಕಳೆದ ವರ್ಷ ಕಾಲೇಜಿನ ವಾರ್ಷಿಕೋತ್ಸವಕ್ಕೆ ಅವನೇ ಅತಿಥಿ. ಅವನ ಆಟ ತೋರಿಸಬೇಕಾದ ಪ್ರೊಜೆಕ್ಟರ್ ಕೈಕೊಟ್ಟಾಗ, ಸರಿಮಾಡಲು ಕರೆದದ್ದು ಚೇತನಾ ಅವರನ್ನು.

“ಮಾಡ್ಕೊಟ್ಟೆ. ಅವ್ನಿಗೆ ಶಾಲು, ನಂಗೆ ಒಂದು ಮೈಸೂರ್‌ಪಾಕ್. ಹೊಟ್ಟೆಕಿಚ್ಚಾ ಅಂತ ಕೇಳ್ತೀರಾ? ಹೌದು. ಹಲಸಿನಹಣ್ಣು ಕಂಡ್ರೆ ತಿನ್ನೋಕಾಗಲ್ಲ ಈಗ.”

ಆ ಯಶವಂತನೇ ಮೂರು ವಾರದ ಹಿಂದೆ ಫೋನ್ ಮಾಡಿದ್ದಾನೆ. ತನ್ನ ಆಟದೊಳಗೆ ‘ಬಿಗಿ-ಸಡಿಲ’ದ ಕೊಂಡಿ ಹಾಕುತ್ತಾನಂತೆ, ಆರು ಲಕ್ಷ ಜನ ನೋಡುತ್ತಾರೆ. ಷರತ್ತು ಒಂದೇ: ಸರದಿ, ಕಾಯುವಿಕೆ ಎಲ್ಲ ತೆಗೆದು, ಬೆರಳಿನಿಂದ ಗೀರಿದರೆ ಬೊಂಬೆ ಗುದ್ದುವಂತೆ ಮಾಡಬೇಕು. ಈ ಭಾನುವಾರದೊಳಗೆ ಉತ್ತರ ಹೇಳಬೇಕು.

ಚೇತನಾ ಬೇಡ ಎನ್ನಲಿಲ್ಲ. ಹದಿನೆಂಟು ಬೆಳಗು ಕೂತು ಹಾಗೆಯೇ ಮಾಡಿದರು. ಬೂತಪ್ಪನ ಕೈಗೆ ಕೊಟ್ಟರು. ಅವರು ಅರ್ಧ ನಿಮಿಷ ಗೀರಿ ಫೋನನ್ನು ಮೇಜಿನ ಮೇಲಿಟ್ಟರು.

“ಗೆದ್ದೆ. ಆದ್ರೆ ಇದ್ರಲ್ಲಿ ಭಾರ ಎಲ್ಲೋಯ್ತು? ಇವ್ನು ಬೀಳೋ ಭಯ ಇಲ್ದೋನು. ಅಂಥೋನ ಜೊತೆ ನಂಗೆಂತ ಜಗಳ?”

ಇದು ಗುರುವಾರದ ಮಾತು. ಶುಕ್ರವಾರ ಈ ಬರಹಕ್ಕಾಗಿ ಮಾತಾಡಿಸಿದಾಗ ಫೋನಿನಲ್ಲಿ ಸಿಕ್ಕ ಯಶವಂತ ಸಹಪಾಠಿಯನ್ನು ಧಾರಾಳವಾಗಿ ಹೊಗಳುತ್ತಾನೆ. “ಬುದ್ಧಿವಂತೆ. ಆದ್ರೆ ಆಟ ತುಂಬ ನಿಧಾನ. ನಾನು ಒಂದೆರಡು ಸಲ ನೋಡಿದ್ದಷ್ಟೆ.” ಫೋನ್ ಇಡುವ ಮುಂಚೆ ಕೇಳುತ್ತಾನೆ: “ಅದ್ರಲ್ಲಿ ‘ತಳೆ’ ಅಂತ ಒಬ್ರಿದಾರೆ. ಒಂಬತ್ತನೇ ಸರದಿಗೆ ಸೊಂಟ ಸಡಿಲ ಬಿಟ್ಟು ನಮ್ಮನ್ನೇ ಎಳ್ಕೊಂಡುಬಿಡ್ತಾರೆ. ಅದಕ್ಕೆ ಎದುರು ಎಂತ ಮಾಡ್ಬೇಕು ಅಂತ ಚೇತನಾ ಏನಾದ್ರೂ ಹೇಳಿದ್ಲಾ?”

ಈ ಪ್ರಶ್ನೆಯನ್ನು ಮುಟ್ಟಿಸಿದಾಗ ಚೇತನಾ ಬಿಚ್ಚಿದ ಫೋನನ್ನು ಹಾಗೇ ಬಿಟ್ಟು ಕಂಪ್ಯೂಟರ್ ಕಡೆ ತಿರುಗುತ್ತಾರೆ. ದಿನದ ಒಂಬತ್ತು ಜನರಲ್ಲಿ ‘ಕಾಡುಪಾಪ’ ಎಂಬೊಬ್ಬರಿದ್ದಾರೆ. ಬೆಳಿಗ್ಗೆ ಐದೂ ಮುಕ್ಕಾಲಿಗೆ ಬರುತ್ತಾರೆ, ‘ತಳೆ’ಯನ್ನೇ ಹುಡುಕಿ ಕರೆಯುತ್ತಾರೆ, ಸೋಲುತ್ತಾರೆ. ನಲವತ್ತೊಂದು ಸೋಲು. ಒಂಬತ್ತನೇ ಸರದಿ ದಾಟಿದ್ದು ಒಮ್ಮೆಯೂ ಇಲ್ಲ.

“ಅಯ್ಯೋ, ಆ ಪಾಪ ಅವನಾ?” ಬೂತಪ್ಪ ಮಂಡಿ ತಟ್ಟಿಕೊಂಡು ನಗುತ್ತಾರೆ. “ಹೇಳ್ಕೊಡ್ಬೇಡ ಮತ್ತೆ!”

ಭಾನುವಾರದವರೆಗೆ ಕಾಯುವ ಕೆಲಸ ಅಲ್ಲಿಗೆ ಮುಗಿಯುತ್ತದೆ. ಗೀರುವ ಆಟವನ್ನು ಚೇತನಾ ಅಳಿಸುತ್ತಾರೆ. ಯಶವಂತನಿಗೆ ಕಳಿಸಿದ ಸಂದೇಶ ಎರಡೇ ಸಾಲು: ‘ಆಟ ಬದಲಿಸೋದಿಲ್ಲ. ನಾಳೆ ಬೆಳಿಗ್ಗೆಯೂ ಬಾ.’

‘ಬಿಗಿ-ಸಡಿಲ’ ಉಚಿತ, ಪೂರ್ತಿ ಕನ್ನಡದಲ್ಲಿದೆ, ಹಳೇ ಫೋನಿನಲ್ಲೂ ಓಡುತ್ತದೆ. ಹತ್ತನೆಯವರಾಗಿ ಹೋಗುವವರು ಮೊದಲು ಸೊಂಟ ಸಡಿಲ ಬಿಡುವುದು ಒಳ್ಳೆಯದು.

ಆರು ಲಕ್ಷ ಜನ ಕೈತಪ್ಪಿದ್ದಕ್ಕೆ ಬೇಜಾರಿಲ್ಲವೇ? ಚೇತನಾ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಾರೆ.

“ಬೇಜಾರಿದೆ. ಹೊಟ್ಟೆಕಿಚ್ಚೂ ಹಂಗೇ ಇದೆ, ಎಲ್ಲೂ ಹೋಗಿಲ್ಲ. ಆದ್ರೆ ಬೆಳಿಗ್ಗೆ ಎದ್ದು ಹಲ್ಲುಜ್ಜೋಕೂ ಮುಂಚೆ ಅವ್ನು ಆಡೋದು ನನ್ನ ಆಟ.”