ಹಿರೇರ ಹೆಸರಿಗೆ ಬಂದ ನೋಟಿಸು

ಮೈಲಮ್ಮನ ಕೇರಿಯಲ್ಲಿ ಸುಡುಗಾಡು ಅನ್ನುವ ಮಾತನ್ನು ಯಾರೂ ಬಾಯಿಗೆ ತರುವುದಿಲ್ಲ. ದಾವಣಗೆರೆಯಿಂದ ಬಾತಿ ದಾಟಿ ಹರಿಹರದ ಕಡೆ ಹೋಗುವಾಗ ರಸ್ತೆಯಿಂದ ಒಳಕ್ಕೆ, ಹಳ್ಳದ ದಂಡೆಗೆ ಇರುವ ಆ ಮುಕ್ಕಾಲು ಎಕರೆಗೆ ಅವರು ಕರೆಯುವ ಹೆಸರು ಹಿರೇರ ಹೊಲ. ಸತ್ತವರನ್ನು ಮಣ್ಣು ಮಾಡಿದೆವು ಅನ್ನುವುದಿಲ್ಲ, ಹಿರೇರ ಹೊಲಕ್ಕೆ ಬಿಟ್ಟು ಬಂದೆವು ಅನ್ನುತ್ತಾರೆ. ಪಕ್ಕದ ಊರಿನವರ ರುದ್ರಭೂಮಿಗೆ ಕಾಂಪೌಂಡು, ನೀರಿನ ಟ್ಯಾಂಕು, ಕಬ್ಬಿಣದ ಗೇಟು ಎಲ್ಲ ಇವೆ. ಆ ಗೇಟಿನೊಳಗೆ ಕೇರಿಯ ಹೆಣಕ್ಕೆ ಜಾಗವಿಲ್ಲ ಎಂದು ಯಾವ ಬೋರ್ಡಿನಲ್ಲೂ ಬರೆದಿಲ್ಲ. ಬರೆಯುವ ಅಗತ್ಯವೇ ಬಿದ್ದಿಲ್ಲ.

ಅಲ್ಲಿಗೆ ಹೋದ ಮೇಲೆ ವಯಸ್ಸು ಲೆಕ್ಕಕ್ಕಿಲ್ಲ, ಎಲ್ಲರೂ ಹಿರೇರೇ. ಮೈಲಮ್ಮನ ಮಗಳು ಲತಾ ಹೋದಾಗ ಅವಳಿಗೆ ಒಂಬತ್ತು ವರ್ಷ, ಮೂರನೇ ಕ್ಲಾಸು. ಡೆಂಗಿ ಜ್ವರ ನಾಲ್ಕೇ ದಿನದಲ್ಲಿ ಮುಗಿಸಿಬಿಟ್ಟಿತು. ಪಕ್ಷದ ಅಮಾವಾಸ್ಯೆ ಬಂತೆಂದರೆ ಹೆತ್ತ ತಾಯಿಯೇ ಆ ಕೂಸಿನ ಕಲ್ಲಿಗೆ ಎಡೆ ಇಟ್ಟು ಅಡ್ಡ ಬೀಳಬೇಕು. ಮೊದಮೊದಲು ಮೈಲಮ್ಮನಿಗೆ ಇದು ತಡೆಯಲಾರದ ಸಂಕಟವಾಗಿತ್ತು. ಬರಬರುತ್ತಾ, ವರ್ಷಕ್ಕೊಮ್ಮೆಯಾದರೂ ಮಗಳಿಗೆ ಬಡಿಸಲು ಸಿಗುತ್ತದಲ್ಲ ಎಂದು ಅದೇ ದಿನವನ್ನು ಕಾಯತೊಡಗಿದಳು.

ಸಾಯುವ ವರ್ಷ ಆ ಹುಡುಗಿಗೆ ಓದುವ ಹುಚ್ಚು ಹಿಡಿದಿತ್ತು. ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು, ಮಂಡಕ್ಕಿ ಕಟ್ಟಿಕೊಟ್ಟ ಪೇಪರಿನ ತುಂಡು, ಯಾವುದನ್ನೂ ಬಿಡುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದ ತಾಯಿಯ ಕೈಹಿಡಿದು ಸಹಿ ಕಲಿಸಿದವಳೂ ಅವಳೇ. ಒತ್ತಕ್ಷರ ಮೈಲಮ್ಮನ ಬೆರಳಿಗೆ ಬಗ್ಗಲಿಲ್ಲ. "ಇರಲಿ ಬಿಡವ್ವ, ಒತ್ತು ಆಮ್ಯಾಲೆ ಕಲಿಸ್ತೀನಿ" ಅಂದಿದ್ದಳು. ಹಾಗಾಗಿ ಇವತ್ತಿಗೂ ಮೈಲಮ್ಮನ ಸಹಿ 'ಮೈಲಮ' ಎಂದೇ ಇದೆ. ಅದನ್ನು ತಿದ್ದಲು ಎಷ್ಟು ಜನ ಬಂದರೂ ಅವಳು ಒಪ್ಪಲಿಲ್ಲ.

ಸುಡುಗಾಡು ಅನ್ನಬಾರದೆಂಬ ಕೇರಿಯವರ ಕಟ್ಟುಪಾಡೇ ಕೊನೆಗೆ ಅವರ ಕುತ್ತಿಗೆಗೆ ಬಂತು. ಹಿಂದೆ ಯಾವಾಗಲೋ ಜಮೀನು ಅಳೆಯುವ ಮೋಜಣಿಯವರು ಬಂದು "ಈ ಹೊಲ ಯಾರದು?" ಎಂದು ಕೇಳಿದಾಗ ಮೈಲಮ್ಮನ ಮಾವ "ಹಿರೇರದ್ದು ಸ್ವಾಮಿ" ಅಂದನಂತೆ. ಅವರು ಹಾಗೆಯೇ ಬರೆದುಕೊಂಡು ಹೋದರು. ಅಂದಿನಿಂದ ಪಹಣಿಯ ಮಾಲೀಕರ ಕಾಲಮಿನಲ್ಲಿ ಹಿರೇರು ಎಂಬೊಬ್ಬ ಆಸಾಮಿ ಕೂತಿದ್ದಾನೆ. ಅವನಿಗೆ ಅಪ್ಪನ ಹೆಸರಿಲ್ಲ, ಆಧಾರ್ ಕಾರ್ಡಿಲ್ಲ. ಬದುಕಿರುವವರಿಗೆ ಹತ್ತು ದಾಖಲೆ ಕೇಳುವ ಸರ್ಕಾರ ಇವನನ್ನು ಮಾತ್ರ ಒಂದು ಮಾತೂ ಕೇಳಿರಲಿಲ್ಲ.

ಹೊಸ ರಸ್ತೆಗೆ ಆ ಹೊಲ ಬೇಕಾಯಿತು ನೋಡಿ, ಆಗ ನೆನಪಾಯಿತು. ಹೋದ ವರ್ಷ ಪಕ್ಷದ ದಿನಗಳಲ್ಲಿ ಅಂಚೆಯವನು ಕೇರಿಗೆ ಒಂದು ರಿಜಿಸ್ಟರ್ ಲಕೋಟೆ ತಂದ. ಎಲ್ಲರೂ ಕೂಲಿಗೆ ಹೋಗಿದ್ದರು. ಕೆಲಸಕ್ಕೆ ಹೊರಟಿದ್ದ ಮೈಲಮ್ಮ ಸಹಿ ಹಾಕಿ ತೆಗೆದುಕೊಂಡಳು. ಅವಳು ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ನೆಲ ಒರೆಸುವ ಕೆಲಸದವಳು. ಅಲ್ಲಿ ಚೀಟಿ ಬರೆಯುವ ಶಾಂತಲಾಗೆ ಲಕೋಟೆ ತೋರಿಸಿದಳು. ರೋಗಿಗಳ ಗದ್ದಲದಲ್ಲಿ ಆಕೆ ಅದನ್ನು ಒಡೆದು ಮೇಲಿನ ಒಂದು ಸಾಲಷ್ಟೇ ನೋಡಿ, "ಶ್ರೀ ಹಿರೇರು ಅಂತ ಐತಲ್ಲ ಮೈಲಮ್ಮ. ನಿಮ್ಮ ಹಿರೇರಿಗೆ ಕೊಡು" ಅಂದಳು.

ಮೈಲಮ್ಮ ಕೊಟ್ಟಳು. ಅಮಾವಾಸ್ಯೆಯ ದಿನ ಎಡೆಯ ಜೊತೆ ಕಾಗದವನ್ನೂ ಒಯ್ದು ಹಿರೇರಿಗೆ ಮುಟ್ಟಿಸಿ ಬಂದಳು.

ಮೂರು ತಿಂಗಳಿಗೆ ಜೆಸಿಬಿ ಬಂತು. ಮೂಡಣ ಅಂಚಿನ ಒಂದು ಸಾಲು ಕಲ್ಲು ಒಂದೇ ಬೆಳಿಗ್ಗೆಗೆ ಮಗುಚಿಹೋಯಿತು. ಲತಾಳ ಕಲ್ಲು ಎರಡನೇ ಸಾಲಿನಲ್ಲಿತ್ತು. ಕೇರಿಯವರು ಓಡಿಹೋಗಿ ಅಡ್ಡ ಮಲಗಿದ್ದರಿಂದ ಯಂತ್ರ ನಿಂತಿತು. ಮಾರನೆಯ ದಿನವೇ ಮೈಲಮ್ಮನ ಭಾವ ಬೋರಣ್ಣ ಹರಿಹರದಲ್ಲಿ ಭೂಸ್ವಾಧೀನ ಕಚೇರಿಯ ಮುಂದೆ ಧರಣಿ ಹೂಡಿದ. ಬೋರಣ್ಣ ದಾವಣಗೆರೆಯ ಗಿರಣಿಯಲ್ಲಿ ದುಡಿದ ಹಳೇ ಆಳು, ಸಂಪು, ಮುಷ್ಕರ ಮಾಡಿ ಬಲ್ಲವನು. ಕೂರುವ ಮೊದಲು ಪ್ರತಿಯೊಬ್ಬರ ಅಂಗೈಗೂ ಹಿರೇರ ಹೊಲದ ಮಣ್ಣು ಹಾಕಿ ಆಣೆ ಮಾಡಿಸಿದ. "ಕೈ ಎತ್ತಬಾರ್ದು, ಬೈಬಾರ್ದು, ಸುಳ್ಳಾಡಬಾರ್ದು. ಈ ಮೂರರಾಗ ಒಂದು ತಪ್ಪಿದ್ರೂ ನಾವು ಸೋತಂಗೆ."

ಕೈ ಎತ್ತದಿರುವುದೇನು ಸುಲಭವಿರಲಿಲ್ಲ. ಆರನೇ ದಿನ ಯಾರೋ ನಾಲ್ಕು ಮಂದಿ ಬಂದು ಶಾಮಿಯಾನದ ಹಗ್ಗ ಕೊಯ್ದರು, ಬೋರಣ್ಣನ ಟವಲು ಕಿತ್ತು ಕಾಲಲ್ಲಿ ಹೊಸಕಿದರು, ಜಾತಿ ಹಿಡಿದು ಬೈದರು. ಮೈಲಮ್ಮ ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದಳು. ಒಬ್ಬರೂ ಏಳಲಿಲ್ಲ. ಶಾಮಿಯಾನದ ಮಾಲೀಕ ಖಾಜಾ ಹುಸೇನ್ ಬಂದು ಹಗ್ಗಕ್ಕೆ ಗಂಟು ಹಾಕಿ, "ಕೂಡ್ರಿ ಬೋರಣ್ಣಾರೆ, ನಾ ಮತ್ತ ಕಟ್ತೀನಿ" ಅಂದ.

ಆದರೆ ಮೈಲಮ್ಮನನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಮೂರನೆಯ ಆಣೆ. ವಕೀಲ ಅಂಜನ್ ಕುಮಾರ್ ಬರೆದ ಅರ್ಜಿಯ ಮೊದಲ ಸಾಲೇ 'ಕೇರಿಯ ಯಾರಿಗೂ ನೋಟಿಸು ತಲುಪಿಲ್ಲ' ಎಂದಿತ್ತು. ಧರಣಿಯ ಮೊದಲ ದಿನವೇ ಅದನ್ನು ಮೈಕಿನಲ್ಲಿ ಓದಿದಾಗ, ತಾನು ಸಹಿ ಹಾಕಿ ತೆಗೆದುಕೊಂಡದ್ದು ಏನೆಂದು ಅವಳಿಗೆ ತಿಳಿಯಿತು. ಆಕ್ಷೇಪಣೆಗೆ ಇದ್ದ ದಿನಗಳೆಲ್ಲ ಅವಳಿಂದಲೇ ಕಳೆದುಹೋಗಿದ್ದವು. ಬೆಳಿಗ್ಗೆ ದಾವಣಗೆರೆಗೆ ಬಸ್ಸು, ಮಧ್ಯಾಹ್ನ ಹರಿಹರಕ್ಕೆ ಬಸ್ಸು. ಎರಡು ಬಸ್ಸಿನಲ್ಲೂ, ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುವಳು. ಬೋರಣ್ಣನ ಮುಖ ಕಂಡರೆ ನಾಲಿಗೆ ಏಳುತ್ತಿರಲಿಲ್ಲ. ಹೀಗೆ ಹದಿನೆಂಟು ದಿನ.

ಹತ್ತೊಂಬತ್ತನೇ ದಿನ ಆ ಕಚೇರಿಯ ಸಾಹೇಬರು ವಿಚಾರಣೆಗೆ ಕರೆದರು. ಅಂಜನ್ ಕುಮಾರ್ ಅರ್ಜಿ ಓದಿ ಮುಗಿಸುವಷ್ಟರಲ್ಲಿ ಗುಮಾಸ್ತ ಅಂಚೆಯ ಸ್ವೀಕೃತಿ ಚೀಟಿಯನ್ನು ಮೇಜಿನ ಮೇಲಿಟ್ಟ. ಸಾಹೇಬರು ಕನ್ನಡಕ ಏರಿಸಿ, "ಮೈಲಮ ಅಂದ್ರೆ ಯಾರು?" ಎಂದರು.

ಕೇರಿಯ ಇಪ್ಪತ್ತು ಮುಖಗಳು ಒಟ್ಟಿಗೇ ತಿರುಗಿದವು. ವಕೀಲ ಅವಳ ಕಿವಿಯ ಹತ್ತಿರ ಬಗ್ಗಿ, "ನಂದಲ್ಲ ಅನ್ನು. ಹೆಸರೇ ತಪ್ಪೈತೆ, ಬಚಾವಾಗ್ತೀವಿ" ಎಂದು ಪಿಸುಗುಟ್ಟಿದ.

ಮೈಲಮ್ಮ ಆ ಚೀಟಿಯನ್ನು ನೋಡಿದಳು. ಒತ್ತಿಲ್ಲದ ಮೂರೇ ಅಕ್ಷರ. ನನ್ನದಲ್ಲ ಅಂದರೆ ಕಲಿಸಿದವಳೂ ನನ್ನವಳಲ್ಲ ಅಂದ ಹಾಗೆ.

"ನಂದೇ ಐತ್ರಿ" ಅಂದಳು.

"ಅಯ್ಯೋ ತಂಗಿ" ಎಂದ ಬೋರಣ್ಣ. "ಇಷ್ಟು ದಿನ ಯಾಕ ಬಾಯಿ ಬಿಡ್ಲಿಲ್ಲ?"

"ಹೆದರಿದ್ದೆ ಭಾವಾರೆ."

ಸಾಹೇಬರು ಕೇಳಿದರು, "ನೋಟಿಸು ತಗೊಂಡು ಯಾರಿಗೆ ಕೊಟ್ಟೆ?"

"ಹಿರೇರಿಗ್ರಿ. ಅವರ ಹೆಸರಿಗೇ ಬಂದಿತ್ತಲ್ರಿ."

"ಯಾವ ಹಿರೇರು? ನಾಳೆ ಅವನನ್ನೂ ಕರಕೊಂಡು ಬಾ."

"ಅವರು ಬರಂಗಿಲ್ರಿ. ನೀವೇ ಬರಬೇಕು."

ಗುಮಾಸ್ತ ನಕ್ಕ. ಸಾಹೇಬರು ನಗಲಿಲ್ಲ. ಪಹಣಿಯ ಹಾಳೆಯನ್ನು ಇನ್ನೊಮ್ಮೆ ನೋಡಿ, ಜೀಪು ತೆಗೆಸಿದರು.

ಹಿರೇರ ಹೊಲದಲ್ಲಿ ಕೇರಿಯವರು ಮೈಲಮ್ಮನಿಂದ ದೂರ ದೂರವೇ ನಿಂತರು. ಬೋರಣ್ಣ ಅವಳ ಕಡೆ ನೋಡಲೂ ಇಲ್ಲ. ಅವಳು ಮಗುಚಿಬಿದ್ದ ಮೊದಲ ಸಾಲನ್ನು ಬಳಸಿಕೊಂಡು ಎರಡನೇ ಸಾಲಿಗೆ ಹೋಗಿ, ಮೊಳದುದ್ದದ ಒಂದು ಪುಟ್ಟ ಕಲ್ಲಿನ ಮುಂದೆ ಕೂತಳು. ಬುಡದ ಚಪ್ಪಡಿ ಸರಿಸಿ, ಹಾಲಿನ ಕವರಿನಲ್ಲಿ ಸುತ್ತಿಟ್ಟಿದ್ದ ಕಾಗದ ತೆಗೆದು ಎರಡೂ ಕೈಯಲ್ಲಿ ಕೊಟ್ಟಳು. ಲಕೋಟೆ ಒಡೆದಿತ್ತು. ಮೂಲೆಗೆ ಅರಿಶಿನ ಹಚ್ಚಿತ್ತು. 'ಶ್ರೀ ಹಿರೇರು ಇವರಿಗೆ' ಎಂಬ ಸಾಲಿನ ಮೇಲೆ ಕುಂಕುಮ ಒಣಗಿತ್ತು.

ಸಾಹೇಬರು ಅದನ್ನು ಓದಿದರು. ಸುತ್ತಲಿನ ಕಲ್ಲುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಗುಮಾಸ್ತನಿಗೆ ಬರೆಸಿದರು: ಸ್ಥಳದಲ್ಲಿ ಸಮಾಧಿಗಳಿವೆ, ನೋಟಿಸು ಮೃತರ ಹೆಸರಿಗೆ ಹೋಗಿರುವುದರಿಂದ ಜಾರಿಯಾಗಿದೆಯೆಂದು ತಿಳಿಯಲಾಗದು, ಹೊಸದಾಗಿ ವಿಚಾರಣೆ ನಡೆಸಬೇಕು, ಅಲ್ಲಿಯವರೆಗೆ ಕೆಲಸ ನಿಲ್ಲಿಸಬೇಕು. ಹೊಲ ಉಳಿಯುತ್ತದೆ ಎಂದು ಅವರು ಹೇಳಲಿಲ್ಲ. ಮಗುಚಿಹೋದ ಕಲ್ಲುಗಳ ಸಾಲಿನ ಬಗ್ಗೆಯೂ ಏನೂ ಹೇಳಲಿಲ್ಲ.

ಹೊರಟ ಸಾಹೇಬರು ತಡೆದು ನಿಂತರು. ನಡುವೆ ಆಳೆತ್ತರದ ಹಳೇ ಕಲ್ಲು ಒಂದಿತ್ತು, ಕೇರಿಯ ಮೂಲ ಪುರುಷನದು. ಎಲ್ಲ ಎಡೆಯೂ ಮೊದಲು ಸಲ್ಲುವುದು ಅದಕ್ಕೇ.

"ಅಲ್ಲಮ್ಮ, ಹಿರೇರಿಗೆ ಕೊಡೋದಾದ್ರೆ ಆ ದೊಡ್ಡ ಕಲ್ಲಿನ ಹತ್ರ ಇಡಬೇಕಿತ್ತು. ಇಷ್ಟು ಸಣ್ಣ ಕಲ್ಲಿನ ಕೆಳಗೆ ಯಾಕೆ ಇಟ್ಟೆ?"

ಮೈಲಮ್ಮ ಚಪ್ಪಡಿಯನ್ನು ಮೊದಲಿದ್ದ ಕಡೆ ಕೂರಿಸಿ, ಸೆರಗಿನಿಂದ ಕಲ್ಲಿನ ಮಣ್ಣು ಒರೆಸಿದಳು.

"ಇಲ್ಲಿರೋರಾಗ ಓದಾಕೆ ಬರ್ತಿದ್ದದ್ದು ಇದಕ್ಕೊಂದಕ್ಕೇ ಸ್ವಾಮಿ."