ಕಿಲ್ಟ್ ಉಟ್ಟವನ ಮಗಳು ಕೇಳಿದ್ದು

ಹೇಸಿಗೆ ಎಂಬ ಮಾತನ್ನು ನಮ್ಮಜ್ಜಿ ಕೊಳಕಿಗಿಂತ ಹೆಚ್ಚಾಗಿ ನಡತೆಗೆ ಬಳಸುತ್ತಿದ್ದರು. ಅದು ಗಂಟಲವರೆಗೂ ಬರುವುದೆಂದರೇನೆಂದು ನನಗೆ ತಿಳಿದದ್ದು ಟೋಕಿಯೋ ಹೊರವಲಯದ ಅಮೆರಿಕನ್ ಸೇನಾ ನೆಲೆಯೊಂದರಲ್ಲಿ, ಐಸ್‌ಕ್ರೀಮ್ ತಿನ್ನುತ್ತ ನಿಂತಿದ್ದಾಗ.

ನೆಲೆಯನ್ನು ಊರವರಿಗೆಲ್ಲ ತೆರೆದಿಡುವ ದಿನ ಅದು. ಕರೆದವಳು ಮಗಳ ಶಾಲೆಯ ಗೆಳತಿ. ಟೋಕಿಯೋದ ಎಡೋಗಾವಾ ಬಡಾವಣೆಗೆ ಬಂದ ಮೇಲೆ ಮಗಳಿಗೆ ಸಿಕ್ಕ ಒಬ್ಬಳೇ ಜೊತೆ. ಆ ಹುಡುಗಿಯ ಅಪ್ಪ ಸೈನಿಕ. ಬಿಡುವಿನಲ್ಲಿ ಸ್ಕಾಟ್ಲೆಂಡ್ ಮಾದರಿಯ ಬ್ಯಾಗ್‌ಪೈಪ್ ತಂಡದಲ್ಲಿ ನುಡಿಸುವವನು. ಅಲ್ಲಿನ ಸೈನಿಕರೆಲ್ಲ ಕಿಲ್ಟ್ ಉಡುವುದಿಲ್ಲ. ಈ ತಂಡದವರು ಮಾತ್ರ, ಸಮಾರಂಭಗಳಿಗೆ, ಸತ್ತ ಜೊತೆಗಾರರನ್ನು ಕಳಿಸಿಕೊಡುವಾಗ. ಮೊಣಕಾಲವರೆಗಿನ ಚೌಕಳಿ ಉಣ್ಣೆಬಟ್ಟೆ, ಹಿಂದೆ ಒತ್ತೊತ್ತಾದ ನಿರಿಗೆ. ಕೂರುವಾಗ ಆತ ನಿರಿಗೆ ಸವರಿಕೊಂಡು ಕೂರುವುದನ್ನು ನೋಡಬೇಕು, ರೇಷ್ಮೆ ಸೀರೆಯುಟ್ಟ ಮದುವೆಮನೆಯ ಹಿರಿಯರ ಹಾಗೆ.

ನಮ್ಮನ್ನೆಲ್ಲ ಕಾರಿನಲ್ಲಿ ಕರೆತಂದಿದ್ದವನು ನಮ್ಮ ಯಜಮಾನರ ಆಫೀಸಿನ ಹುಡುಗ. ಇದನ್ನು ಕಂಡದ್ದೇ ತಡ, ಶುರುಮಾಡಿದ.

"ಅಕ್ಕಾ, ಮಿಲಿಟರಿಯವನಿಗೆ ಲಂಗ ನೋಡಿ! ಒಳಗೇನಾದ್ರೂ ಹಾಕಿದಾನೋ ಇಲ್ವೋ?"

"ಮೆಲ್ಲಗೆ ಮಾತಾಡಪ್ಪ, ಮಕ್ಕಳಿದಾರೆ."

"ಅಯ್ಯೋ, ಇಲ್ಲಿ ಯಾರಿಗೆ ಕನ್ನಡ ಬರುತ್ತೆ, ಬಿಡಿ."

ಅಷ್ಟಕ್ಕೇ ನಿಲ್ಲಲಿಲ್ಲ. ಆ ಸೈನಿಕ ಎದ್ದು ನಿಂತಾಗ ಹಿಂದಿನಿಂದ ಹೋಗಿ ಕುಕ್ಕರಗಾಲಲ್ಲಿ ಕೂತು, ಫೋನನ್ನು ಕಿಲ್ಟಿನ ಅಂಚಿನ ಕೆಳಗೆ ಚಾಚಿ ಫೋಟೋ ತೆಗೆದ. ಆತ ತಟ್ಟನೆ ತಿರುಗಿ, ಬಟ್ಟೆಯನ್ನು ಕೈಯಿಂದ ಒತ್ತಿಹಿಡಿದು, ಹಿಂದೆ ಸರಿದ. ಬಾಯಲ್ಲಿದ್ದ ಐಸ್‌ಕ್ರೀಮ್ ಉಗಿಯುವಂತಾಯಿತು ನನಗೆ. ಯಜಮಾನರು ಅತ್ತ ತಿರುಗಿ ಹೆಲಿಕಾಪ್ಟರ್ ನೋಡುತ್ತಿದ್ದರು.

ಆ ಅಂಕಲ್ ಏನಂದರು ಎಂದು ಗೆಳತಿ ಮಗಳನ್ನು ಇಂಗ್ಲಿಷಿನಲ್ಲಿ ಕೇಳಿದಳು. ಮಗಳಿಗೆ ಕನ್ನಡ ಆಡಲು ತಡವರಿಕೆ, ಅರ್ಥವಾಗದ್ದು ಮಾತ್ರ ಯಾವುದೂ ಇಲ್ಲ. ನನ್ನ ಕಡೆ ನೋಡಿದಳು.

"ಅಮ್ಮಾ, ಏನ್ ಹೇಳ್ಲಿ?"

ಸುಳ್ಳು ಹೇಳಿಸಿದರೆ ಗೆಳೆತನ ಉಳಿದೀತೇನೋ. "ಇದ್ದದ್ದು ಹೇಳು ಕಂದಾ" ಅಂದೆ. ಹೇಳಿದಳು. ಗೆಳತಿ ಹೋಗಿ ಅಪ್ಪನ ಬೆನ್ನಿಗೆ ಒತ್ತಿ ನಿಂತಳು, ಕಾವಲಿನವಳ ಹಾಗೆ.

"ಆ ಫೋಟೋ ಅಳಿಸು. ಹೋಗಿ ತಪ್ಪಾಯ್ತು ಅನ್ನು" ಎಂದೆ ಹುಡುಗನಿಗೆ. ನಿಂತಲ್ಲಿಂದಲೇ ಕತ್ತು ಬಗ್ಗಿಸಿ, ಕಿಸಕ್ಕನೆ ನಗುತ್ತ, "ಸುಮಿಮಾಸೆನ್, ಸುಮಿಮಾಸೆನ್" ಅಂದ. ಈ ದೇಶದವರು ದಿನವೆಲ್ಲ ತಲೆಬಾಗಿ ಆಡುವ ಕ್ಷಮೆಯ ಮಾತನ್ನೂ ಎಂಜಲು ಮಾಡಿಬಿಟ್ಟ.

"ಜೋಕ್ ಅಕ್ಕಾ, ಇಷ್ಟಕ್ಕೆಲ್ಲಾ ಬೇಜಾರಾ? ಬನ್ನಿ, ಹೊರಡೋಣ."

ಅಷ್ಟರಲ್ಲಿ ಮಗಳು ಹೋಗಿ ಗೆಳತಿಯ ಪಕ್ಕದಲ್ಲಿ ನಿಂತಿದ್ದಳು. ಗೆಳತಿ ಅವಳತ್ತ ನೋಡಲಿಲ್ಲ. ಆದರೆ ಅರ್ಧ ಹೆಜ್ಜೆ ಸರಿದು ಜಾಗ ಬಿಟ್ಟಳು.

"ನೀನು ಹೊರಡಪ್ಪ. ನಾವು ಟ್ರೇನಲ್ಲಿ ಬರ್ತೀವಿ" ಅಂದೆ.